ಹೊಸ ಆ್ಯಪ್ ಕೊಡುವ ಹಣ, ಅಡಿಕೆ ತೋಟದ ವಿಡಿಯೊಗಳು

ಅಕ್ಕ, ನಮ್ಮ ಅಡಿಕೆ ಬೆಳೆಗಾರರ ಗುಂಪಿನಲ್ಲಿ ನೀವು ಕೇಳಿದ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಅಡಿಕೆ ತೋಟದ ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕುತ್ತಿದ್ದೀರಿ. ಹೊಸದೊಂದು ಕಿರು ವಿಡಿಯೊ ಆ್ಯಪ್‌ನವರು ಫೋನ್ ಮಾಡಿ, ಒಂದು ವರ್ಷ ಬೇರೆಲ್ಲೂ ಹಾಕದೆ ತಮಗೇ ಕೊಟ್ಟರೆ ತಿಂಗಳಿಗೆ ಇಷ್ಟೆಂದು ಹಣ ಕೊಡುವುದಾಗಿ ಹೇಳಿದ್ದಾರೆ. ಒಪ್ಪಬಹುದೇ ಎಂದು ಕೇಳಿದ್ದೀರಿ. ಹಣ ತೆಗೆದುಕೊಳ್ಳಿ, ಆದರೆ ಬೇರೆಲ್ಲೂ ಹಾಕಬಾರದೆಂಬ ಷರತ್ತನ್ನು ತೆಗೆಸಿ. ಅವರು ತೆಗೆಯದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ಅವರು ಹಣ ಕೊಡುವುದಾದರೂ ಏಕೆ? ಹೊಸ ಆ್ಯಪ್‌ನಲ್ಲಿ ವಿಡಿಯೊ ಇಲ್ಲದಿದ್ದರೆ ನೋಡುವವರು ಬರುವುದಿಲ್ಲ, ನೋಡುವವರಿಲ್ಲದಿದ್ದರೆ ವಿಡಿಯೊ ಮಾಡುವವರು ಬರುವುದಿಲ್ಲ. ಈ ಗಂಟನ್ನು ಬಿಡಿಸಲು ಒಂದು ಕಡೆಯವರನ್ನು ಹಣ ಕೊಟ್ಟು ಕರೆತರುತ್ತಾರೆ. ಸಾಮಾನ್ಯವಾಗಿ ಆ ಹಣ ಜಾಹೀರಾತಿನ ಗಳಿಕೆಯಲ್ಲ, ಹೂಡಿಕೆದಾರರ ಬಂಡವಾಳ. ಪೈಪೋಟಿ ಇರುವವರೆಗೆ ಅದು ಹರಿಯುತ್ತದೆ.

2020ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಶೇರ್‌ಚಾಟ್ ‘ಮೋಜ್’ ಅನ್ನು ತಂದಿತು. ಡೈಲಿಹಂಟ್‌ನವರ ‘ಜೋಶ್’, ಎಂಎಕ್ಸ್‌ನವರ ‘ಟಕಾಟಕ್’ ಕೂಡ ಕಣಕ್ಕಿಳಿದವು. ಅದೇ ಜುಲೈನಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಪ್ರಯೋಗವನ್ನು ಮೊದಲು ಇಲ್ಲಿಯೇ ಮಾಡಿತು. ಟಿಕ್‌ಟಾಕ್ ಬಿಟ್ಟುಹೋದ ಜನ ಯಾರ ಪಾಲಾಗಬೇಕು ಎಂಬುದೇ ಆಗಿನ ಸ್ಪರ್ಧೆ. 2022ರ ಹೊತ್ತಿಗೆ ಟಕಾಟಕ್ ಅನ್ನು ಶೇರ್‌ಚಾಟ್‌ನ ಕಂಪನಿಯೇ ಕೊಂಡುಕೊಂಡಿತು. ಕೊಳ್ಳುವವರು ಕಡಿಮೆಯಾದ ಮಾರುಕಟ್ಟೆಯಲ್ಲಿ ಧಾರಣೆ ಏನಾಗುತ್ತದೆಂದು ಈ ಗುಂಪಿನವರಿಗೆ ನಾನು ಹೇಳಬೇಕಾಗಿಲ್ಲ.

ದೊಡ್ಡವರೂ ಇದಕ್ಕೆ ಹೊರತಲ್ಲ. ಶಾರ್ಟ್ಸ್ ಮಾಡುವವರಿಗಾಗಿ ಯೂಟ್ಯೂಬ್ 2021ರಲ್ಲಿ 10 ಕೋಟಿ ಡಾಲರ್‌ನ ನಿಧಿ ಘೋಷಿಸಿತ್ತು. ಜನರಿಗೆ ರೂಢಿಯಾದ ಮೇಲೆ ಅದನ್ನು ನಿಲ್ಲಿಸಿ, 2023ರ ಫೆಬ್ರುವರಿಯಿಂದ ಜಾಹೀರಾತಿನ ಪಾಲು ಕೊಡುವ ಪದ್ಧತಿಗೆ ಬಂದಿತು.

ದೇಶೀ ಆ್ಯಪ್ ಎಂಬ ಕಾರಣಕ್ಕೆ ಬೆಂಬಲಿಸಬೇಕು ಎಂದು ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ಅಭಿಮಾನ ನನಗೂ ಇದೆ, ಆದರೆ ಅಭಿಮಾನದಿಂದ ಸರ್ವರ್ ಬಾಡಿಗೆ ಕಟ್ಟಲಾಗುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ, ಟ್ವಿಟರ್‌ನಂಥ ಆ್ಯಪ್ ‘ಕೂ’ ಕನ್ನಡದಲ್ಲಿ ಬರೆಯುವವರಿಗೆ ಒಳ್ಳೆಯ ಜಾಗ ಕೊಟ್ಟಿತ್ತು, ಮಂತ್ರಿಗಳೂ ನಟರೂ ಅಲ್ಲಿದ್ದರು. ಬೇರೆ ಕಂಪನಿಗಳೊಂದಿಗೆ ನಡೆಸಿದ ಮಾತುಕತೆ ಫಲಿಸದೆ 2024ರ ಜುಲೈನಲ್ಲಿ ಬಾಗಿಲು ಹಾಕಿತು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ನಿಮ್ಮ ವಿಡಿಯೊ ಇದೆಯಲ್ಲ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂದು ನಿಧಾನವಾಗಿ ತೋರಿಸಿರುವುದು? ಅಂಥದ್ದನ್ನು ಜನ ಹುಡುಕಿಕೊಂಡು ಬಂದು ನೋಡುತ್ತಾರೆ. ಮಳೆಗಾಲ ಸಮೀಪಿಸಿ ಕೊಳೆರೋಗದ ಭಯ ಶುರುವಾದಾಗಲೆಲ್ಲ ಅದಕ್ಕೆ ಮತ್ತೆ ಜೀವ ಬರುತ್ತದೆ. ಹುಡುಕಾಟವೇ ಯೂಟ್ಯೂಬ್‌ನ ಬಲ. ಅದರ ಒಡೆಯ ಗೂಗಲ್ ತಾನೇ. ಕಿರು ವಿಡಿಯೊ ಆ್ಯಪ್‌ನ ಲೆಕ್ಕಾಚಾರ ಬೇರೆ. ಬೆರಳು ಸರಿಸುತ್ತಾ ಕೂತವನನ್ನು ಏಳದಂತೆ ಹಿಡಿದಿಡುವುದು ಅದರ ಕೆಲಸ. ಅಲ್ಲಿ ಮೂರು ದಿನ ಓಡಿದ ವಿಡಿಯೊವನ್ನು ನಾಲ್ಕನೆಯ ದಿನ ಕೇಳುವವರಿರುವುದಿಲ್ಲ. ಆದ್ದರಿಂದ ಒಂದು ವರ್ಷ ಯೂಟ್ಯೂಬ್ ನಿಲ್ಲಿಸಿದರೆ ನಿಮಗಾಗುವ ನಷ್ಟ ಆ ತಿಂಗಳ ಜಾಹೀರಾತಿನ ಹಣವಷ್ಟೇ ಅಲ್ಲ. ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟರೆ ಫಸಲು ಹೋಗುತ್ತದೆ, ಮರ ನಮ್ಮಲ್ಲೇ ಉಳಿಯುತ್ತದೆ. ಈ ಕರಾರಿನಲ್ಲಿ ಮರವನ್ನೂ ಕೇಳುತ್ತಿದ್ದಾರೆ.

ಹಣದ ಲೆಕ್ಕವನ್ನೂ ನೋಡಿ. ಉದ್ದದ ವಿಡಿಯೊದ ಪಕ್ಕ ಬರುವ ಜಾಹೀರಾತಿನ ಗಳಿಕೆಯಲ್ಲಿ ವಿಡಿಯೊ ಮಾಡಿದವರಿಗೆ ಯೂಟ್ಯೂಬ್ ಶೇ 55 ಕೊಡುತ್ತದೆ, ಶಾರ್ಟ್ಸ್‌ನಲ್ಲಿ ಹಂಚಿಕೆಗೆ ಬಂದ ಮೊತ್ತದ ಶೇ 45. ಈ ಪಾಲು ಸಿಗಲು 1,000 ಚಂದಾದಾರರ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಕೃಷಿ ವಿಡಿಯೊ ಮಾಡುವವರಿಗೆ ಗಂಟೆಯ ದಾರಿಯೇ ಸುಲಭ.

ಕರಾರಿನಲ್ಲಿ ಗಮನಿಸಬೇಕಾದ್ದು ಇನ್ನೂ ಇದೆ. ಹಣವನ್ನು ವಿಡಿಯೊ ಲೆಕ್ಕದಲ್ಲಿ ಕೇಳಿ, ವೀಕ್ಷಣೆಯ ಲೆಕ್ಕದಲ್ಲಿ ಬೇಡ. ಅಳೆಯುವ ಕೊಳಗ ಅವರ ಕೈಯಲ್ಲೇ ಇರುತ್ತದೆ. 2016ರಲ್ಲಿ ಫೇಸ್‌ಬುಕ್‌ನಂಥ ಫೇಸ್‌ಬುಕ್ಕೇ, ಜನ ಸರಾಸರಿ ಎಷ್ಟು ಹೊತ್ತು ವಿಡಿಯೊ ನೋಡುತ್ತಾರೆಂಬ ಲೆಕ್ಕ ಹಿಗ್ಗಿತ್ತೆಂದು ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಸರಾಸರಿಯಿಂದ ಬಿಟ್ಟಿದ್ದರಂತೆ. ವಿಡಿಯೊದ ಹಕ್ಕು ಯಾರದು, ಆ್ಯಪ್ ಮಾರಾಟವಾದರೆ ಬಾಕಿ ಹಣ ಯಾರು ಕೊಡುತ್ತಾರೆ, ನಡುವೆ ಬಿಡಬಹುದೇ ಎಂಬ ಮೂರನ್ನೂ ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ಸಿಹಿಯಾಗಿ ಮಾತನಾಡಿದ ಹುಡುಗ ಮುಂದಿನ ತಿಂಗಳು ಬೇರೆ ಕಂಪನಿಯಲ್ಲಿರಬಹುದು.

ಅವರು ಷರತ್ತು ತೆಗೆದರೆ ಹೀಗೆ ಮಾಡಿ: ಪೂರ್ತಿ ವಿಡಿಯೊ ಯೂಟ್ಯೂಬ್‌ಗೆ, ಅದರಿಂದ ಕತ್ತರಿಸಿದ ಚೂರು ಅವರಿಗೆ, ಅದೇ ಚೂರು ರೀಲ್ಸ್‌ಗೂ. ಒಂದು ಆ್ಯಪ್‌ನಿಂದ ಇಳಿಸಿಕೊಂಡ ಪ್ರತಿಯನ್ನು ಇನ್ನೊಂದಕ್ಕೆ ಏರಿಸಬೇಡಿ. ಬೇರೆ ಆ್ಯಪ್‌ನ ಗುರುತು ಕಾಣುವ ವಿಡಿಯೊಗಳನ್ನು ಕಡಿಮೆ ಜನರಿಗೆ ಸೂಚಿಸುವುದಾಗಿ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಮೂಲ ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿರಲಿ.

ಯೂಟ್ಯೂಬ್ ಕೂಡ ಬಾಡಿಗೆ ಮನೆಯೇ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕುವ ಅಭ್ಯಾಸ ಬಿಡಿ. ಕೃತಿಸ್ವಾಮ್ಯ ಉಲ್ಲಂಘನೆಗೆ ಕೊಡುವ ಎಚ್ಚರಿಕೆ, ಅಂದರೆ ಸ್ಟ್ರೈಕ್, 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಮನೆಯ ಇನ್ನೊಬ್ಬರಿಗೂ ಚಾನೆಲ್ ನಿರ್ವಹಿಸುವ ಅನುಮತಿ ಕೊಟ್ಟಿಡಿ. ಚಾನೆಲ್ ಹೋದರೂ ಸಂಪರ್ಕ ಉಳಿಯುವಂತೆ, ವಿಡಿಯೊ ನೋಡಿ ಸಸಿ ಕೇಳಿ ಫೋನ್ ಮಾಡುವವರ ಹೆಸರು, ಊರು, ನಂಬರನ್ನು ಅವರನ್ನು ಕೇಳಿಯೇ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ವಾಟ್ಸ್‌ಆ್ಯಪ್ ಚಾನೆಲ್ ಮಾಡಿದರೆ ಸಾಲದೇ ಎಂದರೆ, ಅಲ್ಲಿ ಹಿಂಬಾಲಿಸುವವರ ನಂಬರ್ ಸಾಮಾನ್ಯವಾಗಿ ನಿಮಗೆ ಕಾಣುವುದಿಲ್ಲ. ಗುಂಪಿನಲ್ಲಿ ಕಾಣುತ್ತದೆ, ಆದರೆ 1,024 ಜನರ ಮಿತಿಯಿದೆ.

ಕರಾರಿನ ಪ್ರತಿ ಬಂದ ಮೇಲೆ ಹಕ್ಕು ಮತ್ತು ಅವಧಿಯ ಪುಟಗಳನ್ನು ಕಂಪನಿಯ ಹೆಸರು ಮರೆಮಾಡಿ ಇಲ್ಲಿ ಹಾಕಿ. ಸಹಿಯನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.