ವೋಟ್ ಬ್ಯಾಂಕ್ ಅಂದವರು ಯಾರು?

ಪ್ರಶ್ನೆ: ಚುನಾವಣೆ ಬಂತೆಂದರೆ ಟೀವಿಯವರು ‘ವೋಟ್ ಬ್ಯಾಂಕ್, ವೋಟ್ ಬ್ಯಾಂಕ್’ ಅಂತ ಬಡಿದುಕೊಳ್ಳುತ್ತಾರೆ. ಈ ಪದ ಅಮೆರಿಕದಿಂದ ಬಂದದ್ದು ಅಂತ ನನ್ನ ಮಗ. ಯಾವನೋ ರಾಜಕಾರಣಿ ಹುಟ್ಟಿಸಿದ್ದು ಅಂತ ನಾನು. ನೀವೇ ತೀರ್ಮಾನ ಹೇಳಿ ಮೇಷ್ಟ್ರೇ.
– ಓದುಗರೊಬ್ಬರು, ತಿಪಟೂರು

ಉತ್ತರ: ಇಬ್ಬರೂ ಸೋತಿರಿ ಸ್ವಾಮಿ! ಇದು ಒಬ್ಬ ಪ್ರೊಫೆಸರ್ ಕೊಟ್ಟ ಪದ. ಅದೂ ನಮ್ಮ ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಲ್ಲಿನ ಜನಜೀವನ ನೋಡಿದರು. ಬರೆಯುವಾಗ ಆ ಊರನ್ನು ರಾಂಪುರ ಅಂತ ಕರೆದರು. ಅದು ನಿಜವಾದ ಹೆಸರಲ್ಲ. 1955ರಲ್ಲಿ ಅಚ್ಚಾದ ಅವರ ಲೇಖನವೊಂದರಲ್ಲಿ ಈ ವೋಟ್ ಬ್ಯಾಂಕ್ ಬರುತ್ತದೆ.

ಅವರು ಹೇಳಿದ್ದು ಇಂಥದ್ದು. ಊರಲ್ಲಿ ಒಬ್ಬ ದೊಡ್ಡ ಕುಳ ಇರುತ್ತಾನೆ. ಅವನ ಹೊಲ ಮಾಡುವವರು, ಅವನ ಹತ್ತಿರ ಸಾಲ ತಂದವರು, ಜಗಳವಾದಾಗ ಅವನ ಜಗಲಿಗೆ ಬಂದು ನಿಲ್ಲುವವರು, ಇವರೆಲ್ಲರ ವೋಟು ಅವನ ಕೈಯಲ್ಲಿ. ಅಭ್ಯರ್ಥಿ ಮನೆಮನೆ ಯಾಕೆ ಸುತ್ತಬೇಕು? ನೇರ ಈ ಜಗಲಿಗೆ ಬಂದರೆ ಸಾಕು. ಪ್ರತಿಯಾಗಿ ಏನು ಸಿಗಬೇಕು ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರಿಗೂ ಗೊತ್ತಿರುತ್ತದೆ.

ಈಗ ನೋಡಿ, ಇಡೀ ಒಂದು ಜಾತಿಯನ್ನೋ ಧರ್ಮವನ್ನೋ ಹಿಡಿದು ವೋಟ್ ಬ್ಯಾಂಕ್ ಅನ್ನುತ್ತೇವೆ. ಬ್ಯಾಂಕಿನ ಮ್ಯಾನೇಜರ್ ಆಗಿದ್ದ ಆ ದೊಡ್ಡ ಕುಳ ಹಿಂದಿನ ಬಾಗಿಲಿಂದ ಜಾರಿಕೊಂಡ, ಬೈಗುಳ ಮಾತ್ರ ಖಾತೆದಾರರಿಗೆ. ನನಗಂತೂ ಹಳೆಯ ಅರ್ಥವೇ ಜಾಸ್ತಿ ಪ್ರಾಮಾಣಿಕ ಅನ್ನಿಸುತ್ತದೆ.

ಪ್ರಶ್ನೆ: ನಮ್ಮ ಪಠ್ಯದ ತುಂಬಾ ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’ ಇಂಥವೇ. ಪ್ರೊಫೆಸರ್‌ಗಳು ಸುಮ್ನೆ ದೊಡ್ಡಸ್ತಿಕೆಗೆ ಪದ ಹುಟ್ಟಿಸುತ್ತಾರಾ ಸರ್?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹುಟ್ಟಿಸುತ್ತಾರಮ್ಮ, ಸುಳ್ಳು ಯಾಕೆ ಹೇಳಲಿ. ಸೆಮಿನಾರುಗಳಲ್ಲಿ ಕೂತು ಅಂಥವನ್ನು ಬೇಕಾದಷ್ಟು ಕೇಳಿದ್ದೇನೆ. ಊಟದ ಹೊತ್ತಿಗೆ ಹೇಳಿದವರಿಗೇ ಮರೆತಿರುತ್ತದೆ.

ಆದರೆ ನೀವು ಹೆಸರಿಸಿದ ಎರಡೂ ಆ ಗುಂಪಿಗೆ ಸೇರುವುದಿಲ್ಲ. ಅವೂ ಶ್ರೀನಿವಾಸ್ ಅವರವೇ. ‘ಪ್ರಬಲ ಜಾತಿ’ ಅಂದರೆ ಊರಲ್ಲಿ ಜನಬಲ, ಜಮೀನು, ಅಧಿಕಾರ ಹಿಡಿದಿರುವ ಜಾತಿ. ಇನ್ನೊಂದರ ಕತೆ ಕೇಳಿ. ಬಿ.ಎ. ತರಗತಿಯಲ್ಲಿ ನಾನೊಮ್ಮೆ ‘ಸಂಸ್ಕೃತೀಕರಣ’ ಅಂತ ಬೋರ್ಡಿನ ಮೇಲೆ ಬರೆದೆ. ಅರ್ಧ ಕ್ಲಾಸು ಆಕಳಿಸಿತು. ಕೆಳಗಿನ ಜಾತಿಯವರು ಮೇಲಿನವರ ಆಚಾರ, ಊಟ, ಪೂಜೆ ಹಿಡಿದು ಒಂದು ಮೆಟ್ಟಿಲು ಹತ್ತಲು ನೋಡುವುದು ಅಂತ ವಿವರಿಸಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ‘ಸಾರ್, ನಮ್ಮೋರು ಮಾರಮ್ಮನಿಗೆ ಕುರಿ ಕಡಿಯೋದು ಬಿಟ್ಟು ಸತ್ಯನಾರಾಯಣ ಪೂಜೆ ಶುರು ಮಾಡವ್ರೆ. ಇದಕ್ಕೂ ಒಂದು ಹೆಸರು ಐತಾ?’ ಅಂದ. ಅವನ ಮುಖ ನೋಡಬೇಕಿತ್ತು ನೀವು. ಮನೆಯಲ್ಲಿ ದಿನಾ ಕಂಡದ್ದಕ್ಕೆ ಯಾರೋ ಮೊದಲೇ ಹೆಸರಿಟ್ಟಿದ್ದಾರೆ ಅಂತ ಗೊತ್ತಾದಾಗಿನ ಖುಷಿ ಅದು.

ಇನ್ನೊಂದು ಸ್ವಾರಸ್ಯ. ಶ್ರೀನಿವಾಸ್ ಮೊದಲು ‘ಬ್ರಾಹ್ಮಣೀಕರಣ’ ಅಂದಿದ್ದರು. ಎಲ್ಲರೂ ಬ್ರಾಹ್ಮಣರನ್ನೇ ಅನುಕರಿಸುವುದಿಲ್ಲ, ಕ್ಷತ್ರಿಯರನ್ನು ಮಾದರಿ ಮಾಡಿಕೊಂಡವರೂ ಇದ್ದಾರೆ ಅಲ್ವಾ? ಹಾಗಾಗಿ ಕೊಡವರ ಬಗ್ಗೆ 1952ರಲ್ಲಿ ಬಂದ ಪುಸ್ತಕದಲ್ಲಿ ಪದ ಬದಲಾಯಿತು. 1956ರಲ್ಲಿ ಅವರೇ ‘ಇದು ಅಷ್ಟೇನೂ ಸೊಗಸಾದ ಪದ ಅಲ್ಲ’ ಅನ್ನುವ ಅರ್ಥದ ಮಾತು ಬರೆದರು. ಹುಟ್ಟಿಸಿದವರೇ ಮುಖ ಸಿಂಡರಿಸಿದ ಪದ ಇವತ್ತು ನಿಮ್ಮ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರುತ್ತದೆ!

ಪ್ರಶ್ನೆ: ಇತ್ತೀಚೆಗೆ ನಿಮಗೆ ಹಿಡಿಸಿದ ಹೊಸ ಪದ?
– ಓದುಗರೊಬ್ಬರು, ಕೊಪ್ಪ

ಉತ್ತರ: ಸೊಲಾಸ್ಟಾಲ್ಜಿಯಾ. ಬಾಯಿ ತಿರುಗುವುದು ಕಷ್ಟ, ಆದರೂ ಬಿಡಲು ಮನಸ್ಸಿಲ್ಲ. ಆಸ್ಟ್ರೇಲಿಯಾದ ತತ್ವಶಾಸ್ತ್ರದ ಮೇಷ್ಟ್ರು ಗ್ಲೆನ್ ಆಲ್‌ಬ್ರೆಕ್ಟ್ ಮಾಡಿದ್ದು. ಅಲ್ಲಿನ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲಿಗಾಗಿ ನೆಲವನ್ನು ಬಗೆದು ಹಾಕಿದರು. ಜನ ಮನೆ ಬಿಟ್ಟು ಹೋಗಿರಲಿಲ್ಲ. ಕಿಟಕಿ ತೆಗೆದರೆ ಮಾತ್ರ ಅವರ ಊರು ಅಲ್ಲಿರಲಿಲ್ಲ. ಆ ಸಂಕಟಕ್ಕೆ ಈ ಹೆಸರು.

ಇದರ ಅಜ್ಜ ‘ನಾಸ್ಟಾಲ್ಜಿಯಾ’ ಕೂಡ ವಿಶ್ವವಿದ್ಯಾಲಯದ ಕೂಸೇ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಗ್ರೀಕ್ ತುಂಡುಗಳನ್ನು ಜೋಡಿಸಿ ಮಾಡಿದ. ಆಗ ಅದು ಊರು ಬಿಟ್ಟು ಬಂದವರ ಮನೆಯ ಹಂಬಲ ಎಂಬ ಕಾಯಿಲೆಯ ಹೆಸರು. ಈಗ ಹಳೇ ಹಾಡು ಕೇಳಿದರೂ ಅದೇ ಅನ್ನುತ್ತೇವೆ.

ಪ್ರಶ್ನೆ: ನಾನೂ ಒಂದು ಹೊಸ ಪದ ಮಾಡಿದ್ದೇನೆ. ಅದು ನಿಘಂಟಿಗೆ ಸೇರಲು ಏನು ಮಾಡಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ಕಾಯಬೇಕು. ಕೇಂಬ್ರಿಜ್‌ನ ಪಂಡಿತ ವಿಲಿಯಂ ಹ್ಯೂಯೆಲ್ ವಿಜ್ಞಾನಿ ಮೈಕೆಲ್ ಫ್ಯಾರಡೆಗೆ ಪತ್ರ ಬರೆದು ವಿದ್ಯುತ್ ಹರಿಯುವ ಎರಡು ಧ್ರುವಗಳಿಗೆ ಆನೋಡ್, ಕ್ಯಾಥೋಡ್ ಎಂಬ ಹೆಸರು ಸೂಚಿಸಿದರು. ಫ್ಯಾರಡೆ ತಕ್ಷಣ ತೆಗೆದುಕೊಂಡರು. ಅದೇ ಹ್ಯೂಯೆಲ್ ಮಾಡಿದ ‘ಸೈಂಟಿಸ್ಟ್’ ಪದ 1834ರಲ್ಲಿ ಅಚ್ಚಾಯಿತು. ಆದರೆ ಇಂಗ್ಲೆಂಡಿನ ಎಷ್ಟೋ ವಿಜ್ಞಾನಿಗಳೇ ಬಹಳ ವರ್ಷ ಅದನ್ನು ಹತ್ತಿರ ಸೇರಿಸಲಿಲ್ಲ. ನಿಮ್ಮದು ಯಾವ ಜಾತಕದ್ದೋ ನೋಡಿಯೇ ಹೇಳಬೇಕು. ಎರಡು ಪುಟ ಬರೆದಿದ್ದೀರಿ, ಪದ ಯಾವುದು ಅಂತಲೇ ಬರೆದಿಲ್ಲ. ಕಳಿಸಿ.