ಉಯಿಲು ಒಂದು, ಕೋರ್ಟು ಎರಡು

ಹೋದ ತಿಂಗಳು ಓದುಗರೊಬ್ಬರು ಬರೆದಿದ್ದರು: ‘ನಮ್ಮ ದೊಡ್ಡಪ್ಪ ಒಂದು ದೇಶದಲ್ಲಿ ಮನೆ, ಇನ್ನೊಂದು ದೇಶದಲ್ಲಿ ಬ್ಯಾಂಕ್ ಹಣ ಬಿಟ್ಟು ಹೋದರು. ಉಯಿಲು ಒಂದೇ. ಆದರೂ ಎರಡು ಕಡೆ ಕೋರ್ಟಿಗೆ ಅಲೆಯಬೇಕಂತೆ. ಇದು ಸುಮ್ನೆ ಸತಾಯಿಸುವುದಲ್ವಾ?’

ಸತಾಯಿಸುವುದೇನೋ ಹೌದು, ಆದರೆ ಸುಮ್ನೆ ಅಲ್ಲ. ಯಾರಿಗೆ ಎಷ್ಟು ಪಾಲು ಅನ್ನುವುದಕ್ಕಿಂತ ಮೊದಲು ಕೋರ್ಟು ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತದೆ. ಯಾವ ದೇಶದ ಕಾನೂನು ನೋಡಬೇಕು? ಇಂಗ್ಲೆಂಡಿನ ಪದ್ಧತಿಯಲ್ಲಿ ಮನೆ, ಜಮೀನಿಗೆ ಅದು ಇರುವ ನೆಲದ ಕಾನೂನು. ಹಣ, ಷೇರಿಗೆ ಸತ್ತವರು ಕಾಯಂ ನೆಲೆ ಮಾಡಿಕೊಂಡಿದ್ದ ದೇಶದ ಕಾನೂನು. ಹಾಗಾಗಿ ಒಂದೇ ಸಾವಿಗೆ ಎರಡು ಲೆಕ್ಕ.

ಯುರೋಪಿಯನ್ ಒಕ್ಕೂಟ ಇದನ್ನು ಒಂದು ಮಾಡಿತು. 2015ರ ಆಗಸ್ಟ್ 17ರಿಂದ ಈಚೆಗೆ ತೀರಿಕೊಂಡವರ ಎಲ್ಲ ಆಸ್ತಿಗೂ ಅವರು ಕೊನೆಗೆ ವಾಸವಿದ್ದ ದೇಶದ ಕಾನೂನೇ. ಬೇಡವೆಂದರೆ ತನ್ನ ಪೌರತ್ವದ ದೇಶದ ಕಾನೂನು ಬೇಕೆಂದು ಉಯಿಲಿನಲ್ಲಿ ಬರೆದಿಡಬಹುದು. ಡೆನ್ಮಾರ್ಕ್, ಐರ್ಲೆಂಡ್ ಇದಕ್ಕೆ ಸೇರಿಲ್ಲ. ನನಗೆ ಈ ದಾರಿಯೇ ಮೇಲು ಅನಿಸುತ್ತದೆ.

ಆದರೆ ‘ವಾಸ’ ಅಂದರೆ ಏನು? ಫ್ರೆಂಚ್ ರಾಕ್ ಗಾಯಕ ಜಾನಿ ಹಾಲಿಡೇ 2017ರಲ್ಲಿ ತೀರಿಕೊಂಡರು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಮಾಡಿದ ಉಯಿಲಿನಲ್ಲಿ ಎಲ್ಲವೂ ಹೆಂಡತಿಗೆ. ಮಕ್ಕಳಿಗೆ ಪಾಲು ತಪ್ಪಿಸುವುದು ಫ್ರೆಂಚ್ ಕಾನೂನಿನಲ್ಲಿ ಅಷ್ಟು ಸುಲಭವಲ್ಲ, ಹಾಗಾಗಿ ದೊಡ್ಡ ಮಕ್ಕಳಿಬ್ಬರು ಫ್ರಾನ್ಸಿನ ನಾಂತೇರ್ ಊರಿನ ಕೋರ್ಟಿಗೆ ಹೋದರು. ಆತ ಎಲ್ಲಿ ಎಷ್ಟು ದಿನ ಇದ್ದ ಎಂದು ತೋರಿಸಲು ಅವರ ಕಡೆಯವರು ಇನ್‌ಸ್ಟಾಗ್ರಾಮ್ ಫೋಟೊಗಳನ್ನು ಎಣಿಸಿದರು! 2019ರಲ್ಲಿ ಕೋರ್ಟು, ವಾಸ ಫ್ರಾನ್ಸಿನಲ್ಲೇ, ಕೇಸು ನಮ್ಮದೇ ಎಂದಿತು.

ಹಳೆಯ ಫೋರ್ಗೋ ಕೇಸು ಇದಕ್ಕಿಂತ ಮಜಾ. ಈಗ ಜರ್ಮನಿಯಲ್ಲಿರುವ ಬವೇರಿಯಾದಲ್ಲಿ ಮದುವೆಯಾಗದ ತಾಯಿಗೆ ಹುಟ್ಟಿ, ಫ್ರಾನ್ಸಿನಲ್ಲಿ ಬೆಳೆದು ಬಾಳಿದ ಮನುಷ್ಯ, ಉಯಿಲು ಬರೆಯದೆ ಸತ್ತ. ಫ್ರೆಂಚ್ ನಿಯಮ ಬವೇರಿಯಾ ಕಡೆ ಕೈ ತೋರಿಸಿತು. ಅಲ್ಲಿನ ಕಾನೂನಿನಲ್ಲಿ ತಾಯಿಯ ಕಡೆಯ ನೆಂಟರಿಗೆ ಪಾಲಿತ್ತು. ಆದರೆ ಅದೇ ಬವೇರಿಯಾದ ನಿಯಮ ತಿರುಗಿ ಫ್ರಾನ್ಸಿನತ್ತ ಬೆರಳು ಮಾಡಿತು. 1878ರಲ್ಲಿ ಫ್ರಾನ್ಸಿನ ಎಲ್ಲಕ್ಕಿಂತ ಮೇಲಿನ ಕೋರ್ಟು ಆ ಬೆರಳನ್ನು ಹಿಡಿದುಕೊಂಡು ಫ್ರೆಂಚ್ ಕಾನೂನನ್ನೇ ಹಚ್ಚಿತು. ನೆಂಟರಿಗೆ ಕಾಸಿಲ್ಲ, ಹಣವೆಲ್ಲ ಫ್ರೆಂಚ್ ಸರ್ಕಾರಕ್ಕೆ.

ಪರದೇಶದ ಕಾನೂನು ನಮ್ಮ ನ್ಯಾಯಕ್ಕೆ ಒಗ್ಗದಿದ್ದರೆ ಕೋರ್ಟು ಅದನ್ನು ಬಿಡಲೂಬಹುದು. ಎಲ್ಲಿಯವರೆಗೆ ಅನ್ನುವುದೇ ಜಗಳ. ಫ್ರೆಂಚ್ ಸಂಗೀತಗಾರ ಮೋರಿಸ್ ಜಾರ್ ಅವರ ಮಕ್ಕಳಿಗೆ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಏನೂ ಸಿಗಲಿಲ್ಲ. ಅಷ್ಟಕ್ಕೇ ಅದನ್ನು ತಳ್ಳಿಹಾಕಲಾಗದು ಎಂದು ಅದೇ ಮೇಲಿನ ಕೋರ್ಟು 2017ರಲ್ಲಿ ಹೇಳಿತು. 2021ರಲ್ಲಿ ಫ್ರೆಂಚ್ ಸಂಸತ್ತು ಹೊಸ ಕಾನೂನು ತಂದು, ಇಂಥ ಕೆಲವು ಮಕ್ಕಳು ಫ್ರಾನ್ಸಿನಲ್ಲಿರುವ ಆಸ್ತಿಯಿಂದ ಪಾಲು ತೆಗೆದುಕೊಳ್ಳಬಹುದು ಎಂದಿತು.

ನಿಮ್ಮ ವಿಷಯಕ್ಕೆ ಬರೋಣ. ಮನೆ ಇರುವ ದೇಶದ ವಕೀಲರನ್ನು ಮೊದಲು ನೋಡಿ. ಉಯಿಲನ್ನು ಒಪ್ಪಿ ಇನ್ನೊಂದು ದೇಶ ಕೊಟ್ಟ ಪತ್ರವನ್ನು ಅಲ್ಲಿನ ನೋಂದಣಿ ಕಚೇರಿ ಹಾಗೇ ಒಪ್ಪುತ್ತದೋ, ಮತ್ತೆ ಅಲ್ಲಿನ ಕೋರ್ಟಿನ ಮುದ್ರೆ ಬೇಕೋ ಕೇಳಿ. ಉಯಿಲಿನಲ್ಲಿ ಯಾವುದಾದರೂ ದೇಶದ ಕಾನೂನಿನ ಹೆಸರು ಇದೆಯಾ ಎಂದು ಇನ್ನೊಮ್ಮೆ ಓದಿ. ದೊಡ್ಡಪ್ಪನ ಹಳೆಯ ಪಾಸ್‌ಪೋರ್ಟು, ತೆರಿಗೆ ಕಾಗದ, ಬಾಡಿಗೆ ಕರಾರು ಯಾವುದನ್ನೂ ರದ್ದಿಗೆ ಹಾಕಬೇಡಿ.