ಪ್ರತಿಕ್ರಿಯೆ: ಮೇಲ್ಮೈ ಎಲೆಕ್ಟ್ರಾನುಗಳು ಅಷ್ಟು ಹೊತ್ತು ಉಳಿಯುವುದೇಕೆ?

ಲೇಸರ್ ಮಿಡಿತ ಬಿದ್ದ ಬಳಿಕ ಬಿಸ್ಮತ್ ಸೆಲೆನೈಡಿನ (ತಾತ್ವಿಕವಾಗಿ ಒಳಗೆ ವಿದ್ಯುತ್ ಹರಿಸದೆ ಮೇಲ್ಮೈಯಲ್ಲಿ ಮಾತ್ರ ಹರಿಸುವ ಸ್ಫಟಿಕ) ಮೇಲ್ಮೈ ಎಲೆಕ್ಟ್ರಾನುಗಳು 10 ಪಿಕೋಸೆಕೆಂಡಿಗೂ (ಒಂದು ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ) ಹೆಚ್ಚು ಕಾಲ ಉದ್ರಿಕ್ತವಾಗಿರುವುದು ಟೊಪಾಲಜಿಯ ರಕ್ಷಣೆಯಿಂದಲೇ, ಅಂದರೆ ಸ್ಫಟಿಕದ ಎಲೆಕ್ಟ್ರಾನ್ ರಚನೆಯೇ ಮೇಲ್ಮೈ ಸ್ಥಿತಿಗಳನ್ನು ಕಾಯುವುದರಿಂದಲೇ, ಎಂದು ಕೇಳಿದ್ದೀರಿ. ಅಲ್ಲ. ಆ ರಕ್ಷಣೆಯ ವ್ಯಾಪ್ತಿ ಜನ ಭಾವಿಸುವುದಕ್ಕಿಂತ ಬಹಳ ಕಿರಿದು. ಕಾಂತೀಯವಲ್ಲದ ಕಲ್ಮಶಕ್ಕೆ ಡಿಕ್ಕಿ ಹೊಡೆದ ಎಲೆಕ್ಟ್ರಾನ್ ನೇರ ಹಿಂದಕ್ಕೆ ತಿರುಗಲಾರದು, ಏಕೆಂದರೆ ಹಾಗೆ ತಿರುಗಲು ಅದರ ಸ್ಪಿನ್ (ಎಲೆಕ್ಟ್ರಾನಿನ ಪುಟ್ಟ ಕಾಂತದಂಥ ಗುಣ) ಕೂಡ ತಲೆಕೆಳಗಾಗಬೇಕು. ಓರೆಯಾಗಿ ಚದುರಲು ಅಡ್ಡಿಯಿಲ್ಲ; ಫೋನಾನುಗಳಿಗೆ, ಅಂದರೆ ಸ್ಫಟಿಕದ ಪರಮಾಣುಗಳ ಕಂಪನಗಳಿಗೆ, ಶಕ್ತಿ ಕೊಟ್ಟು ತಣಿಯಲಂತೂ ಇಲ್ಲವೇ ಇಲ್ಲ.

ಕಾರಣ ಇರುವುದು ಸ್ಫಟಿಕದ ಒಳಗೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ತಂಡವೊಂದು ಇದನ್ನು ಎರಡು ಮಿಡಿತಗಳಿಂದ ತೋರಿಸಿತು: ಮೊದಲನೆಯದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ, ತುಸು ತಡವಾಗಿ ಬರುವ ಎರಡನೆಯದು ಅದನ್ನು ಹೊರಕ್ಕೆ ಕಿತ್ತುಹಾಕುತ್ತದೆ; ಆಗ ಅದರ ಶಕ್ತಿ, ಕೋನ ಎರಡನ್ನೂ ಅಳೆಯಬಹುದು. ಎದ್ದ ಎಲೆಕ್ಟ್ರಾನುಗಳು ಕೆಲವೇ ಪಿಕೋಸೆಕೆಂಡುಗಳಲ್ಲಿ ಒಳಭಾಗದ ವಾಹಕ ಪಟ್ಟಿಯ (ಎಲೆಕ್ಟ್ರಾನುಗಳು ಓಡಾಡಬಲ್ಲ ಮೇಲಿನ ಶಕ್ತಿಮಟ್ಟಗಳ) ತಳಕ್ಕೆ ಇಳಿದು ಅಲ್ಲೇ ಸಿಲುಕುತ್ತವೆ. ಕೆಳಗೆ ಸುಮಾರು 0.3 ಎಲೆಕ್ಟ್ರಾನ್ ವೋಲ್ಟಿನ ಕಂದರ, ಒಳಭಾಗದ ಎಲೆಕ್ಟ್ರಾನುಗಳಿಗೆ ಅಲ್ಲಿ ನಿಲ್ಲಲು ಮಟ್ಟಗಳೇ ಇಲ್ಲ. ಅಲ್ಲಿಂದ ಅವು ಮೇಲ್ಮೈ ಸ್ಥಿತಿಗೆ ಜಿನುಗುತ್ತಲೇ ಇರುತ್ತವೆ, ತೊಟ್ಟಿಯಲ್ಲಿ ನೀರಿರುವವರೆಗೆ ನಲ್ಲಿ ಹರಿದಂತೆ. ಮೇಲ್ಮೈಯಲ್ಲಿ ಒಂದು ಎಲೆಕ್ಟ್ರಾನ್ ತಣಿದರೆ ಬದಲಿಗೆ ಇನ್ನೊಂದು ಬಂದಿರುತ್ತದೆ.

ಅಂದಹಾಗೆ, ಆ ತಂಡದ ಮಾದರಿ ಪಿ-ವಿಧದ್ದು (ಎಲೆಕ್ಟ್ರಾನುಗಳ ಕೊರತೆ ಇರುವಂಥದ್ದು), ಮೇಲ್ಮೈ ಪಟ್ಟಿ ಮೊದಲಿಗೆ ಖಾಲಿಯಿತ್ತು. ನಿಮ್ಮದು ಎನ್-ವಿಧದ (ಹೆಚ್ಚುವರಿ ಎಲೆಕ್ಟ್ರಾನುಗಳಿರುವ) ಸ್ಫಟಿಕವಾದರೆ ಆ ಪಟ್ಟಿ ಮುಂಚೆಯೇ ತುಂಬಿರುತ್ತದೆ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.